ಮನೆವಾರ್ತೆ: ಹಳೆಯ ದೋಣಿಯನ್ನು ಕೊಳ್ಳುವ ವಿಚಾರ



ಹಗರಿಬೊಮ್ಮನಹಳ್ಳಿಯ ಕಡೆಯ ಗೃಹಸ್ಥರೊಬ್ಬರು ಬರೆದ ಕಾಗದವು ಈ ತಿಂಗಳು ನನ್ನ ಕೈಸೇರಿತು. ಹಳೆಯ ಮನೆ, ಹಳೆಯ ಬಂಡಿ, ಹಳೆಯ ಹೊಲಿಗೆಯಂತ್ರ, ಹಳೆಯ ಮೋಟಾರು ಮೊದಲಾದವುಗಳನ್ನು ಕೊಳ್ಳುವ ವಿಷಯವಾಗಿ ಈ ಪುಟಕ್ಕೆ ಎಷ್ಟೋ ಕಾಗದಗಳು ಬಂದಿರುವುವು. ಹಳೆಯ ದೋಣಿಯನ್ನು ಕೊಳ್ಳಬಹುದೆ ಎಂದು ಕೇಳಿದವರು ಇವರೇ ಮೊದಲಿಗರು. ಕೂಡ್ಲಿಗಿಯ ವಾಚಕರು ಇದನ್ನೋದಿ ನಕ್ಕಾರು. ಕೊಳವೆಬಾವಿಯ ಮುಂದೆ ಕೊಡಗಳ ಸಾಲನ್ನಿಟ್ಟು ಕಾಯ್ದು ಅಭ್ಯಾಸವಾದ ಸೀಮೆಯಲ್ಲಿ ದೋಣಿಯ ಮಾತೆಂದರೆ ನಗು ಬಾರದೆ ಇದ್ದೀತೆ? ಆದರೆ ಕೂಡ್ಲಿಗಿ ಕೊಟ್ಟೂರುಗಳ ಬಯಲನ್ನು ದಾಟಿ ಉತ್ತರಕ್ಕೂ ಪಶ್ಚಿಮಕ್ಕೂ ಹೋದವರು ಬಲ್ಲರು: ಒಂದೇ ಜಿಲ್ಲೆಯೊಳಗೆ, ಅರ್ಧ ದಿನದ ದಾರಿಯಲ್ಲಿ, ಬರದ ನೆಲವು ಮುಗಿದು ಕಣ್ಣು ಹಾಯುವಷ್ಟು ದೂರ ನೀರೇ ನೀರು ಹಬ್ಬಿರುವುದು.

ಕಾಗದದ ಸಾರಾಂಶವಿಷ್ಟು. ಬರೆದವರು ಅಂಗಡಿಯ ವ್ಯವಹಾರವುಳ್ಳವರು. ಮನೆಯಲ್ಲಿ ದಂಪತಿಗಳು, ಇಬ್ಬರು ಮಕ್ಕಳು, ಎಪ್ಪತ್ತೆಂಟು ವರ್ಷದ ತಾಯಿ, ಹೀಗೆ ಐದು ಮಂದಿ. ಕರಾವಳಿಯ ಊರೊಂದರಲ್ಲಿ ಮೀನುಗಾರಿಕೆಯಲ್ಲಿ ಬಹುಕಾಲ ದುಡಿದ ಇಪ್ಪತ್ತು ಅಡಿಯ ಫೈಬರ್ ದೋಣಿಯೊಂದು, ಎಂಜಿನ್ ಸಹಿತವಾಗಿ, ಅಗ್ಗದ ಬೆಲೆಗೆ ಮಾರಾಟಕ್ಕಿದೆಯಂತೆ. ಅದನ್ನು ಲಾರಿಯಲ್ಲಿ ತರಿಸಿ, ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿಟ್ಟುಕೊಂಡು, ರಜೆಯ ದಿನಗಳಲ್ಲಿ ಬುತ್ತಿ ಕಟ್ಟಿಕೊಂಡು ಕುಟುಂಬಸಮೇತರಾಗಿ ನೀರಿನ ಮೇಲೆ ಸಂಚರಿಸಬೇಕೆಂಬುದು ಅವರ ಬಯಕೆ. ಕೊನೆಯಲ್ಲಿ ಒಂದು ಮಾತನ್ನು ಸೇರಿಸಿದ್ದಾರೆ. ತಾಯಿಯವರು ಹುಟ್ಟಿದ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿದಾಗ ಅವರಿಗೆ ಆರು ವರ್ಷವಾಗಿದ್ದಿತು; ಆ ಸ್ಥಳಕ್ಕೆ ಒಮ್ಮೆ ಅವರನ್ನು ಕರೆದೊಯ್ಯಬೇಕೆಂದು ಮನಸ್ಸಿದೆ, ಎಂದು.

ಇದನ್ನೋದಿ ನಾನು ಕಾಗದವನ್ನು ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನು. ನಮ್ಮ ಮನೆಯಲ್ಲಿಯೂ ಇಂತಹದೇ ಒಂದು ದೋಣಿಯನ್ನು ಇಂತಹದೇ ಕಾರಣಕ್ಕಾಗಿ ಕೊಂಡಿದ್ದರು. ಆ ಕಥೆಯನ್ನು ಹೇಳದೆ ಬರಿಯ ಉಪದೇಶವನ್ನು ಮಾಡಿದರೆ ನ್ಯಾಯವಾಗಲಾರದು.

ತುಂಗಭದ್ರಾ ಅಣೆಕಟ್ಟಿನ ಕೆಲಸವು 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಂತಿತು. ಸುಮಾರು ತೊಂಬತ್ತು ಹಳ್ಳಿಗಳು ಆ ನೀರಿನೊಳಗೆ ಹೋದುವು. ಅವುಗಳಲ್ಲಿ ಒಂದು ನಮ್ಮ ಅಜ್ಜಿಯ ಊರು. ನಾನು ಹತ್ತು ವರ್ಷದ ಹುಡುಗನಾಗಿದ್ದಾಗ ದೊಡ್ಡಪ್ಪನವರು ತಮ್ಮ ತಾಯಿಗೆ ಆ ಜಾಗವನ್ನು ತೋರಿಸಬೇಕೆಂದು ಹಲಗೆಯ ದೋಣಿಯೊಂದನ್ನು ಕೊಂಡರು. ವ್ಯಾಪಾರವಾದುದು ವೈಶಾಖದಲ್ಲಿ. ದೋಣಿಯು ದಡದ ಮೇಲೆ ಬೋರಲಾಗಿ ಬಿದ್ದಿದ್ದಿತು. ಹೊಸದಾಗಿ ನೀಲಿ ಬಣ್ಣವನ್ನು ಬಳಿದಿದ್ದರು. ದೊಡ್ಡಪ್ಪನವರು ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ಹತ್ತು ಹೆಜ್ಜೆ ನಡೆಯಿಸಿ ನೋಡದೆ ಹಗ್ಗವನ್ನು ಮುಟ್ಟಿದವರಲ್ಲ. ಅದೇ ಮನುಷ್ಯರು ದೋಣಿಯ ಬಣ್ಣವನ್ನು ನೋಡಿ ಹಣವನ್ನು ಎಣಿಸಿಕೊಟ್ಟರು. ಎತ್ತಿನ ವಿಷಯದಲ್ಲಿ ಅವರಿಗೆ ತಿಳಿವಳಿಕೆಯಿದ್ದಿತು, ದೋಣಿಯ ವಿಷಯದಲ್ಲಿ ಆಸೆಯಿದ್ದಿತು.

ಶ್ರಾವಣದಲ್ಲಿ ನೀರು ಏರಿ ಬಂದಿತು. ನೆರೆಯ ಹಳ್ಳಿಯ ಮುದುಕ ಅಂಬಿಗನೊಬ್ಬನು ದೋಣಿಯನ್ನು ಸುತ್ತಿ ನೋಡಿ, “ಗೌಡ್ರೇ, ಹಲಗಿ ಒಣಗಿ ಬಾಯಿ ಬಿಟ್ಟೈತಿ. ಎಂಟು ದಿನ ನೀರಾಗ ಮುಳುಗಿಸಿ ಇಡ್ರಿ, ಬೀಗಲಿ. ಆಮ್ಯಾಲೆ ಮಂದೀನ್ನ ಕುಂದ್ರಸ್ರಿ” ಎಂದನು. ನಾಗರಪಂಚಮಿಗೆ ಮೂರು ದಿನಗಳು ಮಾತ್ರ ಉಳಿದಿದ್ದುವು. ಹಬ್ಬದ ದಿನ ಹೋಗಬೇಕೆಂದು ಎಲ್ಲರ ಹಟ. ಮೂರೇ ದಿನ ನೆನೆಯಿಸಿ, ಅಜ್ಜಿಯನ್ನೂ ನಮ್ಮನ್ನು ನಾಲ್ವರು ಮಕ್ಕಳನ್ನೂ ಕೂರಿಸಿಕೊಂಡು ಹೊರಟರು. ದಡದಿಂದ ಬಹಳ ದೂರ ಹೋಗಿರಲಿಲ್ಲ. ಹಿಂಭಾಗದಲ್ಲಿ ಬಣ್ಣದಡಿಯಲ್ಲಿ ಮೊಳೆಯ ಸುತ್ತ ಕೊಳೆತಿದ್ದ ಹಲಗೆಯೊಂದು ಸಡಿಲಿ, ನೀರು ಬುಗ್ಗೆಯಂತೆ ಒಳಗೆ ಬಂದಿತು. ಉಂಡೆಯ ಡಬ್ಬಿಯನ್ನು ಬರಿದುಮಾಡಿ ಅದರಿಂದಲೇ ನೀರನ್ನು ಎತ್ತಿ ಚೆಲ್ಲಿದೆವು. ದೈವವಶಾತ್ ಬಲೆ ಬಿಡಲು ಬಂದಿದ್ದ ಎರಡು ಹರಿಗೋಲುಗಳು ಸಮೀಪದಲ್ಲಿದ್ದುವು. ಅವರು ನಮ್ಮನ್ನೆಲ್ಲ ಎತ್ತಿಕೊಂಡರು. ಅಜ್ಜಿಯು ದಡವನ್ನು ಸೇರಿ ಸೆರಗನ್ನು ಹಿಂಡಿಕೊಳ್ಳುತ್ತ, “ಎಪ್ಪಾ, ಬ್ಯಾಸಿಗಿಗೆ ನೀರು ಇಳೀತೈತಲ್ಲ, ಆವಾಗ ನಡಕೊಂಡ ಹೋಗಿ ನೋಡ್ತೀನಿ” ಎಂದಳು. ಮುಂದಿನ ಬೇಸಗೆಯಲ್ಲಿ ಹಾಗೆಯೇ ಮಾಡಿದಳು. ಒಡೆದ ಕೆಸರಿನ ಮೇಲೆ ನಡೆದುಹೋಗಿ, ಬಾವಿಯ ಕಟ್ಟೆಯ ಕಲ್ಲನ್ನು ಗುರುತಿಸಿ, ಅಲ್ಲಿಂದ ಹೆಜ್ಜೆ ಎಣಿಸಿ ತಮ್ಮ ಮನೆಯ ಹೊಸ್ತಿಲಿದ್ದ ಸ್ಥಳವನ್ನು ತೋರಿಸಿದಳು. ದೋಣಿಯು ಬಣವೆಯ ಪಕ್ಕದಲ್ಲಿ ಬಿದ್ದಿದ್ದು ಕೊನೆಗೆ ಒಲೆಯನ್ನು ಸೇರಿತು.

ಇನ್ನು ಪ್ರಕೃತಕ್ಕೆ ಬರೋಣ. ದೋಣಿಯೆಂಬುದು ಈ ಸೀಮೆಗೆ ಪರಕೀಯವಾದುದೇನೂ ಅಲ್ಲ. ಹೂವಿನಹಡಗಲಿಯ ಹೆಸರಿನಲ್ಲಿಯೇ ಹಡಗು ಅಡಗಿರುವುದೆಂದೂ, ವಿಜಯನಗರದ ಕಾಲದಲ್ಲಿ ಇಲ್ಲಿನ ಹೂವುಗಳು ಹೊಳೆಯ ಮೇಲೆ ರಾಜಧಾನಿಗೆ ಹೋಗುತ್ತಿದ್ದುವೆಂದೂ ಊರವರು ಹೇಳುವರು. 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಯಸನು ಆನೆಗೊಂದಿಯ ಬಳಿ ಬುಟ್ಟಿಯಂತೆ ದುಂಡಾದ, ಚರ್ಮವನ್ನು ಹೊದಿಸಿದ ದೋಣಿಗಳಲ್ಲಿ ಜನರು ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನರನ್ನು ಹೊರುವುವೆಂದೂ, ನೆಟ್ಟಗೆ ಸಾಗದೆ ಗಿರಗಿರನೆ ತಿರುಗುತ್ತಲೇ ಸಾಗುವುವೆಂದೂ ಅವನು ಹೇಳುವನು. ನಮ್ಮ ಹರಿಗೋಲನ್ನೇ ಅವನು ಕಂಡುದು. ಅದೇ ಹೊಳೆಯ ಮೇಲ್ಭಾಗದಲ್ಲಿ, ರಾಣೆಬೆನ್ನೂರು ಸೀಮೆಯ ದಡದಲ್ಲಿ, ಅಂಬಿಗರ ಚೌಡಯ್ಯನ ಹೆಸರಿನ ಚೌಡಯ್ಯದಾನಪುರವಿದೆ. ಆದುದರಿಂದ ದೋಣಿಯ ಬಯಕೆಯನ್ನು ಹುಚ್ಚೆಂದು ತಳ್ಳಿಹಾಕಲಾಗದು.

ಆದರೆ ಹರಿಗೋಲಿಗೂ ಕರಾವಳಿಯ ದೋಣಿಗೂ ಭೇದವುಂಟು. ಹರಿಗೋಲು ಈ ಹೊಳೆಯ ಸ್ವಭಾವವನ್ನು ತಿಳಿದು ಹುಟ್ಟಿದುದು. ಬಿದಿರಿನ ಸೀಳುಗಳನ್ನು ಹೆಣೆದು, ಹಿಂದೆ ಚರ್ಮವನ್ನೂ ಈಚೆಗೆ ಪ್ಲಾಸ್ಟಿಕ್ಕಿನ ಹಾಳೆಯನ್ನೂ ಹೊದಿಸಿ, ಟಾರು ಬಳಿದು ಮಾಡುವರು, ಫೈಬರಿನವೂ ಬಂದಿವೆ. ನೀರು ಇಳಿದರೆ ಒಬ್ಬನೇ ಮನುಷ್ಯನು ತಲೆಯ ಮೇಲೆ ಹೊತ್ತು ಮನೆಗೆ ತರುವನು. ಬಂಡೆಗೆ ತಾಗಿದರೆ ಬಾಗುವುದು, ಒಡೆಯದು. ಹರಿದರೆ ಸಂಜೆಯೊಳಗೆ ತೇಪೆ. ಇಪ್ಪತ್ತು ಅಡಿಯ ಕರಾವಳಿಯ ದೋಣಿಯನ್ನು ತಲೆಯ ಮೇಲೆ ಹೊರುವವರಾರು?

ಇಲ್ಲಿಯೇ ನಮ್ಮ ಸೀಮೆಯ ಮುಖ್ಯವಾದ ಪ್ರಶ್ನೆ ಹುಟ್ಟುವುದು. ಸಮುದ್ರಕ್ಕೆ ಭರತ ಇಳಿತಗಳುಂಟು, ಅದು ಬತ್ತುವುದಿಲ್ಲ. ನಮ್ಮ ಹಿನ್ನೀರು ಪೂರ್ಣವಾಗಿ ತುಂಬಿದಾಗ ಸುಮಾರು 378 ಚದರ ಕಿಲೋಮೀಟರು ಹಬ್ಬುವುದು. ಬೇಸಗೆಯಲ್ಲಿ ಮೈಲಿಗಟ್ಟಲೆ ಹಿಂದಕ್ಕೆ ಸರಿದು ಕೆಸರನ್ನೂ ದನಗಳ ಮೇವನ್ನೂ ಬಿಟ್ಟುಹೋಗುವುದು. ಮೊದಲಲ್ಲಿ 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ 106ಕ್ಕಿಂತ ಕಡಿಮೆ ಹಿಡಿಯುವುದು. ಹೊಳೆಯು ಬಂದು ಸೇರುವ ಹಡಗಲಿಯ ಕಡೆಯಲ್ಲಿ ಆ ಹೂಳಿನಿಂದಾಗಿ, ನೋಡಲು ಸಮುದ್ರದಂತಿದ್ದರೂ, ಮೊಣಕಾಲುದ್ದದ ನೀರಿನಲ್ಲಿ ದೋಣಿಯು ಕೆಸರಿಗೆ ಕೂರುವುದುಂಟು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಕೊಚ್ಚಿಹೋಗಿ, ತುಂಬಿದ್ದ ನೀರು ಕೆಲವೇ ದಿನಗಳಲ್ಲಿ ಇಳಿದುದನ್ನು ವಾಚಕರು ಮರೆತಿರಲಾರರು. ದಡದ ಮರಕ್ಕೆ ಕಟ್ಟಿದ ದೋಣಿಯು ಹಾಗೆ ನೀರು ಇಳಿದಾಗ ಇಳಿಜಾರಿನಲ್ಲಿ ನೇತಾಡುವುದು, ಏರಿದಾಗ ಹಗ್ಗವು ಜಗ್ಗಿ ಮುಳುಗುವುದು. ನೋಡಿಕೊಳ್ಳುವ ಮನುಷ್ಯನೊಬ್ಬನು ದಡದ ಹಳ್ಳಿಯಲ್ಲಿ ಇರಲೇಬೇಕು. ಅವನ ಸಂಬಳವನ್ನು ಬೆಲೆಯೊಳಗೆ ಲೆಕ್ಕ ಹಾಕತಕ್ಕದ್ದು.

ವರ್ಷದಲ್ಲಿ ನಾಲ್ಕೈದು ತಿಂಗಳು ದೋಣಿಯು ನೆಲದ ಮೇಲೆ, ನಮ್ಮ ಬಿಸಿಲಿನಲ್ಲಿ ಇರಬೇಕಾಗುವುದೆಂಬುದನ್ನು ಮೊದಲು ಒಪ್ಪಿಕೊಂಡು ಮಿಕ್ಕ ಪರೀಕ್ಷೆಗೆ ತೊಡಗಬೇಕು. ಮರದ ದೋಣಿಗೆ ಈ ಬಿಸಿಲೇ ಶತ್ರು. ಹಲಗೆಗಳು ಸೆಟೆದು ಸಂದುಗಳು ತೆರೆಯುವುವು. ಸಂದುಗಳಲ್ಲಿ ತುರುಕಿದ ಹತ್ತಿಯ ನೂಲು ಉದುರುವುದು. ಮಳೆಯ ನೀರು ಒಳಗೆ ನಿಂತರೆ ಇನ್ನೂ ಕೇಡು. ಬಹುಮಂದಿ ಉಪ್ಪುನೀರೇ ಮರವನ್ನು ಕೊಳೆಯಿಸುವುದೆಂದು ತಿಳಿದಿರುವರು. ಸಂಗತಿ ಬೇರೆ. ಉಪ್ಪು ಕೊಳೆಯುವ ಬೂಷ್ಟನ್ನು ತಡೆಯುವುದು. ಸಿಹಿನೀರು ಮೂಲೆಗಳಲ್ಲಿ ನಿಂತಲ್ಲಿ ಬೂಷ್ಟು ಹುಟ್ಟಿ ಮರವು ಮೆತ್ತಗಾಗುವುದು. ಸಮುದ್ರದಲ್ಲಿ ಮಾತ್ರ ಬೇರೊಂದು ಪೀಡೆಯುಂಟು. ಮರವನ್ನು ಕೊರೆಯುವ ಹುಳುಗಳು ಸೂಜಿಯ ಮೊನೆಯಷ್ಟು ತೂತಿನಿಂದ ಹೊಕ್ಕು ಒಳಗೆಲ್ಲ ಸುರಂಗವನ್ನು ಮಾಡಿರುವುವು. ಹೊರಗೆ ಹಲಗೆಯು ನೆಟ್ಟಗೇ ಕಾಣುವುದು. ಆದುದರಿಂದ ಮರದ ದೋಣಿಯನ್ನು ನೋಡುವವರು ದಬ್ಬಳವನ್ನು ಕೈಯಲ್ಲಿ ಹಿಡಿದು, ಅಡಿಯ ಉದ್ದ ಮರ, ಆಸನಗಳ ಕೆಳಗಿನ ಮೂಲೆ, ಮೊಳೆಗಳ ಸುತ್ತು, ಇಲ್ಲೆಲ್ಲ ಚುಚ್ಚಿ ನೋಡಬೇಕು. ಗಟ್ಟಿ ಮರವು ದಬ್ಬಳವನ್ನು ತಡೆಯುವುದು, ಕೊಳೆತದ್ದು ಬೆಣ್ಣೆಯಂತೆ ಒಳಬಿಡುವುದು. ಮೊಳೆಯಿಂದ ಕಪ್ಪು ಗೆರೆ ಇಳಿದಿದ್ದರೆ ಕಬ್ಬಿಣವೂ ಹೋಗಿದೆ, ಮರವೂ ಹೋಗುತ್ತಿದೆ. ಚುಚ್ಚಲು ಬಿಡದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಬಸ್ಸು ಹಿಡಿಯತಕ್ಕದ್ದು.

ನಮ್ಮ ಪತ್ರಲೇಖಕರು ನೋಡಿರುವುದು ಫೈಬರ್ ದೋಣಿ. ಒಣಗಿ ಬಾಯಿಬಿಡುವ ಭಯವು ಇದಕ್ಕಿಲ್ಲ. ಅಷ್ಟರಮಟ್ಟಿಗೆ ಈ ಸೀಮೆಗೆ ಇದೇ ಲೇಸು. ಆದರೆ ಫೈಬರಿಗೆ ಮುಪ್ಪೇ ಇಲ್ಲವೆಂಬುದು ಮಾರುವವರ ಮಾತು. ಮೊದಲು ಬಣ್ಣವನ್ನು ನೋಡಿರಿ. ಮಾರಾಟಕ್ಕೆ ಮುಂಚೆ ಹೊಸ ಬಣ್ಣ ಬಳಿದಿದ್ದರೆ, ಏಕೆ ಬಳಿದರೆಂದು ಕೇಳಿರಿ. ಅನಂತರ ಸುತ್ತಿಗೆಯ ಮರದ ಹಿಡಿಯಿಂದಾಗಲಿ ದಪ್ಪ ನಾಣ್ಯದಿಂದಾಗಲಿ ಗೇಣುಗೇಣಿಗೆ ತಟ್ಟುತ್ತ ಹೋಗಿರಿ. ಕುಂಬಾರನಲ್ಲಿ ಗಡಿಗೆಯನ್ನು ತಟ್ಟಿ ಕೊಳ್ಳುವ ಹೆಂಗಸರಿಗೆ ಈ ವಿದ್ಯೆಯನ್ನು ಹೇಳಿಕೊಡಬೇಕಾದುದಿಲ್ಲ. ಮನೆಯಾಕೆಯನ್ನು ಜೊತೆಗೆ ಕರೆದೊಯ್ದರೆ ಒಳ್ಳೆಯದು. ಟಣ್ ಎಂದಲ್ಲಿ ಗಟ್ಟಿ. ದಬ್ ಎಂದಲ್ಲಿ ಪದರಗಳು ಬಿಟ್ಟುಕೊಂಡಿವೆ. ಅಡಿಯಲ್ಲಿ ಬೊಬ್ಬೆಗಳೆದ್ದಿವೆಯೆ, ನಕ್ಷತ್ರದಂತೆ ಬಿರುಕುಗಳು ಚೆದರಿವೆಯೆ, ಒಳಗಿನ ನೆಲವು ಕಾಲಿಟ್ಟರೆ ಕುಸಿಯುವುದೆ, ನೋಡಿರಿ. ಎಲ್ಲಕ್ಕಿಂತ ಮುಖ್ಯವಾದುದು ಎಂಜಿನ್ನನ್ನು ತೂಗುಹಾಕುವ ಹಿಂದಿನ ಅಡ್ಡಗೋಡೆ. ಬಹಳ ದೋಣಿಗಳಲ್ಲಿ ಅದರೊಳಗೆ ಪ್ಲೈವುಡ್ ಹಲಗೆಯಿದ್ದು, ಬೋಲ್ಟಿನ ತೂತುಗಳಿಂದ ನೀರಿಳಿದು ಕೊಳೆತಿರುವುದು. ಎಂಜಿನ್ನಿನ ಕೆಳಭಾಗವನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಬಲವಾಗಿ ಜಗ್ಗಿರಿ. ಗೋಡೆಯು ಅಲುಗಿದರೆ ಆ ದೋಣಿಯ ಬೆಲೆಯನ್ನು ಅರ್ಧಕ್ಕಿಂತಲೂ ಕೆಳಗೆ ಕೇಳಬೇಕು, ಇಲ್ಲವೆ ಬಿಡಬೇಕು. ಮುಳುಗದಿರಲೆಂದು ಮುಚ್ಚಿದ ಪೆಟ್ಟಿಗೆಗಳಲ್ಲಿ ತುಂಬಿದ ನೊರೆಯಂತಹ ಪದಾರ್ಥವು ವರ್ಷಗಳಾದ ಮೇಲೆ ನೀರನ್ನು ಕುಡಿದಿರಬಹುದು. ಆಗ ತೇಲಿಸಬೇಕಾದುದೇ ಭಾರವಾಗುವುದು. ನಾಲ್ಕು ಜನ ಎತ್ತಬೇಕಾದ ದೋಣಿಗೆ ಎಂಟು ಜನ ಬೇಕಾದರೆ ಕಾರಣವನ್ನು ಇಲ್ಲಿ ಹುಡುಕಬೇಕು.

ಎಂಜಿನ್ನಿನ ವಿಷಯವಾಗಿ ನನ್ನ ಅಭಿಪ್ರಾಯವು ಕಟುವಾದುದು. ಸಮುದ್ರದಲ್ಲಿ ದಿನವೂ ದುಡಿದ ಔಟ್‌ಬೋರ್ಡ್ ಎಂಜಿನ್ನಿನೊಳಗೆ, ತಂಪಿಗಾಗಿ ನೀರು ಹರಿಯುವ ಸಣ್ಣ ದಾರಿಗಳಲ್ಲಿ, ಉಪ್ಪು ಕಲ್ಲಿನಂತೆ ಕಟ್ಟಿಕೊಂಡಿರುವುದು. ಓಡಿಸಿದಾಗ ಪಕ್ಕದಿಂದ ನೀರಿನ ಧಾರೆಯೊಂದು ಬಲವಾಗಿ ಹೊರಬೀಳಬೇಕು; ತೊಟ್ಟಿಕ್ಕಿದರೆ ಎಂಜಿನ್ನು ಬಿಸಿಯಾಗಿ ನಡುನೀರಿನಲ್ಲಿ ನಿಲ್ಲುವುದು. ಕೆಳಗಿನ ಹಲ್ಲುಚಕ್ರದ ಪೆಟ್ಟಿಗೆಯ ಎಣ್ಣೆಯನ್ನು ಸ್ವಲ್ಪ ಹೊರಬಿಟ್ಟು ನೋಡಿರಿ. ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಒಳಸೇರಿದೆ. ಮುಂಚೆಯೇ ಓಡಿಸಿ ಬಿಸಿಮಾಡಿಟ್ಟ ಎಂಜಿನ್ನನ್ನು ಪರೀಕ್ಷೆಯೆಂದು ಒಪ್ಪಕೂಡದು. ತಣ್ಣಗಿರುವಾಗ ನಿಮ್ಮ ಕಣ್ಣೆದುರಿಗೆ ಹೊತ್ತಿಕೊಳ್ಳಬೇಕು. ಅದು ಎಷ್ಟೇ ಚೆನ್ನಾಗಿ ಓಡಲಿ, ಒಂದು ಜೊತೆ ಹುಟ್ಟುಗಳಿಲ್ಲದೆ, ಅವನ್ನು ಹಾಕಬಲ್ಲ ತೋಳುಗಳಿಲ್ಲದೆ, ಹಿನ್ನೀರಿಗೆ ಇಳಿಯಬೇಡಿರಿ.

ಇಷ್ಟೆಲ್ಲ ಸರಿಯಾಗಿದ್ದರೂ ಒಂದು ದೊಡ್ಡ ಮಾತು ಉಳಿಯುವುದು. ಮೀನು ಹಿಡಿಯುವ ದೋಣಿಯನ್ನು ಬಲೆಯೂ ಮೀನೂ ತಳದಲ್ಲಿರುವಂತೆ, ಸಮುದ್ರವನ್ನು ಬಲ್ಲ ಮೂರು ನಾಲ್ಕು ಮಂದಿ ಮೇಲಿರುವಂತೆ ಕಟ್ಟಿರುವರು. ಅದರಲ್ಲಿ ಆಸನಗಳನ್ನು ಎತ್ತರಿಸಿ, ಬಿಸಿಲಿಗೆಂದು ಮಾಡನ್ನು ಕಟ್ಟಿ, ಹೆಂಗಸರು ಮಕ್ಕಳನ್ನು ಮೇಲೆ ಕೂರಿಸಿದರೆ ಭಾರವೆಲ್ಲ ಮೇಲಕ್ಕೇರುವುದು. ಎಲ್ಲರೂ ಒಂದು ಹಕ್ಕಿಯನ್ನು ನೋಡಲು ಒಂದೇ ಪಕ್ಕಕ್ಕೆ ಬಾಗಿದರೆ ಸಾಕು. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು ಮಗುಚಿ 22 ಜನರನ್ನು ನುಂಗಿದ ವಿಹಾರದ ದೋಣಿಯು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿದುದೆಂದು ಆಗ ವರದಿಯಾಯಿತು; ಸತ್ತವರಲ್ಲಿ ಅನೇಕರು ಮಕ್ಕಳು. ನಮ್ಮ ಕಾರವಾರದಲ್ಲಿಯೇ 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿಯು ಮಗುಚಿ 16 ಜನರು ಹೋದರು. ಅಲ್ಲಿಯೂ ದೋಣಿ ಹೊರಬಲ್ಲುದಕ್ಕಿಂತ ಹೆಚ್ಚು ಜನರು ಏರಿದ್ದರು. ದೇವರ ದರ್ಶನಕ್ಕೆ ಸಂಸಾರಸಮೇತರಾಗಿ ಹೋದವರು ಅವರು. ಮೈಲಾರಕ್ಕೂ ಕುರುವತ್ತಿಗೂ ಬಂಡಿ ಕಟ್ಟಿ ಹೋಗುವ ನಮ್ಮ ಮನೆತನಗಳಂತಹವೇ. ಬಂಡಿಯಲ್ಲಿ ಇನ್ನೊಬ್ಬರು ಹತ್ತಿದರೆ ಎತ್ತಿಗೆ ಭಾರವಾಗುವುದು, ಅಷ್ಟೇ. ನೀರು ಹಾಗೆ ಸಹಿಸುವುದಿಲ್ಲ.

ಆದುದರಿಂದ ಕೊಳ್ಳುವ ಮುನ್ನ ಈ ಪರೀಕ್ಷೆಯನ್ನು ಮಾಡತಕ್ಕದ್ದು. ಸೊಂಟದುದ್ದ ನೀರಿನಲ್ಲಿ ದೋಣಿಯನ್ನಿಟ್ಟು, ಈಜುಬಲ್ಲ ಐದಾರು ಗಂಡಸರು ಏರಿ, ಎಲ್ಲರೂ ಒಂದೇ ಪಕ್ಕಕ್ಕೆ ಸರಿದು ನಿಲ್ಲಲಿ. ಅಂಚು ನೀರಿಗೆ ಎಷ್ಟು ಸಮೀಪ ಬರುವುದೆಂಬುದನ್ನು ದಡದಿಂದ ಇನ್ನೊಬ್ಬರು ನೋಡಲಿ. ಅನಂತರ ಎಂಜಿನ್ನನ್ನು ಬಿಚ್ಚಿಟ್ಟು, ಅದರ ತೂಕದ ಕಲ್ಲುಗಳನ್ನು ಆ ಸ್ಥಳದಲ್ಲಿಟ್ಟು, ದೋಣಿಯೊಳಗೆ ಬಿಂದಿಗೆಗಳಿಂದ ನೀರನ್ನು ತುಂಬಿರಿ. ಪೂರ್ತಿ ತುಂಬಿದ ಮೇಲೂ ತೇಲುತ್ತಿದ್ದರೆ, ಅಪಘಾತದಲ್ಲಿ ಅದನ್ನು ಹಿಡಿದುಕೊಂಡಾದರೂ ಬದುಕಬಹುದು. ಮುಳುಗಿ ತಳವನ್ನು ಮುಟ್ಟಿದರೆ ಅದನ್ನು ಮಕ್ಕಳಿರುವ ಮನೆಗೆ ತರಬೇಡಿರಿ. ಸಮುದ್ರದಲ್ಲಿ ಮಾಡಿದ ಪರೀಕ್ಷೆಗಿಂತ ನಮ್ಮ ಸಿಹಿನೀರಿನಲ್ಲಿ ದೋಣಿಯು ತುಸು ಹೆಚ್ಚು ಆಳಕ್ಕೆ ಕೂರುವುದೆಂಬುದು ನೆನಪಿರಲಿ. ಉಪ್ಪುನೀರು ಭಾರವಾದುದರಿಂದ ಹೆಚ್ಚು ಎತ್ತಿಹಿಡಿಯುವುದು.

ಕಾಗದಪತ್ರಗಳ ವಿಷಯವನ್ನು ಬೇಗನೆ ಮುಗಿಸುವೆನು. ಒಳನಾಡಿನ ನೀರಿನಲ್ಲಿ ಯಂತ್ರದಿಂದ ಓಡುವ ದೋಣಿಗಳಿಗೆ ಪರಿಶೀಲನೆಯೂ ನೋಂದಣಿಯೂ ಬೇಕೆಂದು 2021ರ ಒಳನಾಡು ನೌಕೆಗಳ ಕಾಯಿದೆಯು ವಿಧಿಸಿದೆ. 1917ರ ಹಳೆಯ ಕಾಯಿದೆಯ ಸ್ಥಳದಲ್ಲಿ ಇದು ಬಂದಿತು. ಮೀನುಗಾರಿಕೆಯ ನೋಂದಣಿ ಇದ್ದಮಾತ್ರಕ್ಕೆ ಸಂಸಾರದ ವಿಹಾರಕ್ಕೆ ಸಾಕಾಯಿತೆಂದು ತಿಳಿಯಬಾರದು. ಜಲಾಶಯವು ತುಂಗಭದ್ರಾ ಮಂಡಳಿಯ ಆಡಳಿತದಲ್ಲಿರುವುದರಿಂದ, ಎಲ್ಲಿ ಇಳಿಸಬಹುದು ಎಲ್ಲಿ ಕೂಡದೆಂಬುದನ್ನು ಬರಹದಲ್ಲಿ ಕೇಳಿ ತಿಳಿದ ಮೇಲೆ ಮುಂಗಡವನ್ನು ಕೊಡಬೇಕು. ಮಾರುವವನೇ ಒಡೆಯನೆ, ದೋಣಿಯ ಮೇಲೆ ಬ್ಯಾಂಕಿನ ಸಾಲವಿದೆಯೆ ಎಂಬುದನ್ನು ಹೊಲದ ಪಹಣಿಯನ್ನು ನೋಡುವಷ್ಟೇ ಜಾಗ್ರತೆಯಿಂದ ನೋಡಿರಿ. ಇನ್ನೊಂದು ಮಾತು: ಹಗರಿಬೊಮ್ಮನಹಳ್ಳಿಯ ತಾಲ್ಲೂಕಿನಲ್ಲಿಯೇ ಇರುವ ಅಂಕಸಮುದ್ರದ ಕೆರೆಗೆ ದೋಣಿಯನ್ನು ಒಯ್ಯುವ ಯೋಚನೆ ಬೇಡ. ಮುಳುಗಿದ ಜಾಲಿಯ ಮರಗಳ ಮೇಲೆ ಸಾವಿರಾರು ಹಕ್ಕಿಗಳು ಗೂಡು ಕಟ್ಟುವ ಆ ಕೆರೆಯು 2017ರಿಂದ ಪಕ್ಷಿಗಳ ಮೀಸಲು ಪ್ರದೇಶ. 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಅಲ್ಲಿ ಏರಿಯ ಮೇಲೆ ಕುಳಿತು ನೋಡುವುದೇ ಸೊಗಸು.

ಹಣದ ಲೆಕ್ಕದಲ್ಲಿ ಬಹುಮಂದಿ ಎಡವುವರು. ದೋಣಿಯ ಬೆಲೆಯು ಖರ್ಚಿನ ಆರಂಭ ಮಾತ್ರ. ಲಾರಿಯ ಬಾಡಿಗೆ, ಘಟ್ಟವನ್ನು ಹತ್ತಿಸುವಾಗ ಅಡಿಗೆ ಹಾಕುವ ದಿಂಬುಗಳು, ನೀರಿಗೆ ಇಳಿಸಿ ಎಳೆಯಲು ಚಕ್ರದ ಗಾಡಿ, ಬೇಸಗೆಗೆ ನೆರಳಿನ ಚಪ್ಪರ, ಲಂಗರು, ಹಗ್ಗ, ಪ್ರತಿಯೊಬ್ಬರ ಮೈಗೆ ಹೊಂದುವ ಜೀವರಕ್ಷಕ ಅಂಗಿ. ದೊಡ್ಡವರ ಅಂಗಿಯನ್ನು ಮಕ್ಕಳಿಗೆ ತೊಡಿಸಿದರೆ ನೀರಿನಲ್ಲಿ ಅಂಗಿ ಮೇಲೆ ಉಳಿದು ಮಗು ಕೆಳಗೆ ಜಾರುವುದು. ಇದರಲ್ಲಿ ಉಳಿತಾಯ ಮಾಡಕೂಡದು. ಪುಕ್ಕಟೆಯಾಗಿ ದೊರೆತ ದೋಣಿಯ ಕಥೆಯೊಂದನ್ನು ಹೇಳುವೆನು. ಅಮೆರಿಕದ ಜೋಶುವಾ ಸ್ಲೋಕಮ್ ಎಂಬ ನಾವಿಕನಿಗೆ ಸ್ನೇಹಿತನೊಬ್ಬನು ಹೊಲದಲ್ಲಿ ಬಿದ್ದಿದ್ದ ಹಳೆಯ ‘ಸ್ಪ್ರೇ’ ಎಂಬ ದೋಣಿಯನ್ನು ಸುಮ್ಮನೆ ಕೊಟ್ಟನು. ಅದನ್ನು ಸರಿಪಡಿಸಲು ಹದಿಮೂರು ತಿಂಗಳು ಹಿಡಿದುವು; ಸಾಮಗ್ರಿಗೆ 553 ಡಾಲರುಗಳ ಮೇಲೆ ಆಯಿತು. ಹಲಗೆಗಳನ್ನೆಲ್ಲ ಬದಲಾಯಿಸಿದನು, ಹಳೆಯದರಲ್ಲಿ ಹೆಸರಿನ ಹೊರತು ಹೆಚ್ಚೇನೂ ಉಳಿಯಲಿಲ್ಲ. ಅದರಲ್ಲಿ ಅವನು 1895ರಿಂದ 1898ರ ವರೆಗೆ ಒಬ್ಬನೇ ಭೂಪ್ರದಕ್ಷಿಣೆಯನ್ನು ಮಾಡಿ ಲೋಕಪ್ರಸಿದ್ಧನಾದನು. ಜೀವಮಾನವೆಲ್ಲ ಸಮುದ್ರದಲ್ಲಿ ಕಳೆದ, ತನ್ನ ಕೈಯಿಂದಲೇ ಹಡಗು ಕಟ್ಟಬಲ್ಲವನಾಗಿದ್ದವನು ಅವನು. ಅದೇ ದೋಣಿಯಲ್ಲಿ 1909ರಲ್ಲಿ ಹೊರಟವನು ಮರಳಿ ಬರಲಿಲ್ಲ.

ಹರಪನಹಳ್ಳಿಯ ನನ್ನ ಮಿತ್ರರೊಬ್ಬರು ಈ ಬರಹದ ಕರಡನ್ನೋದಿ, “ಇಷ್ಟು ಹೆದರಿಸುವ ಬದಲು ಕೊಳ್ಳಬೇಡಿರಿ ಎಂದುಬಿಡಿ” ಎಂದರು. ಹಾಗೆನ್ನಲಾರೆನು. ಆಶ್ವಯುಜ ಕಾರ್ತಿಕಗಳಲ್ಲಿ ಗಾಳಿ ತಗ್ಗಿ, ಹಿನ್ನೀರು ಕನ್ನಡಿಯಂತೆ ನಿಂತು, ದೂರದಲ್ಲಿ ಬಲೆಗಾರರ ಹರಿಗೋಲುಗಳು ಕಪ್ಪು ಚುಕ್ಕೆಗಳಂತೆ ಕಾಣುವ ಬೆಳಗುಗಳನ್ನು ಮಕ್ಕಳಿಗೆ ತೋರಿಸಬೇಕೆಂಬ ತಂದೆಯನ್ನು ಬೇಡವೆನ್ನಲು ಮನಸ್ಸು ಬಾರದು. ಆಷಾಢ ಶ್ರಾವಣಗಳ ಗಾಳಿಯಲ್ಲಿ ಮಾತ್ರ ಅದೇ ನೀರು ಆಳೆತ್ತರದ ಅಲೆಗಳನ್ನು ಎಬ್ಬಿಸುವಂತೆ ಕಾಣುವುದು. ಆಗ ಬಲ್ಲವರೂ ದಡವನ್ನು ಬಿಡರು. ನೀರು ಇಳಿಯತೊಡಗಿದ ಮೇಲೆ ಮುಳುಗಿದ ಊರುಗಳ ಗೋಡೆಗಳೂ ಮರದ ಮೋಟುಗಳೂ ಮೇಲ್ಮೈಗೆ ಗೇಣಳತೆಯಲ್ಲಿ ಅಡಗಿ ಕಾಯುತ್ತಿರುವುವು. ಫೈಬರಿನ ತಳಕ್ಕೂ ಎಂಜಿನ್ನಿನ ರೆಕ್ಕೆಗೂ ಅವೇ ಯಮ. ನೆಮ್ಮದಿಯ ಸಂಚಾರಕ್ಕೆ ಒದಗುವುದು ವರ್ಷದಲ್ಲಿ ಮೂರು ನಾಲ್ಕು ತಿಂಗಳು. ಅಂಗಡಿಯ ಬಾಗಿಲನ್ನು ಹಾಕಿ ಬರಬಹುದಾದ ದಿನಗಳು ಅದರಲ್ಲೆಷ್ಟು?

ಆದುದರಿಂದ ಪತ್ರಲೇಖಕರು ಈ ಒಂದು ವರ್ಷ ಏನನ್ನೂ ಕೊಳ್ಳದಿರಲಿ. ದಡದ ಹಳ್ಳಿಯಲ್ಲಿ ಹೊಳೆಯನ್ನು ಬಲ್ಲ ಮನುಷ್ಯನನ್ನು ಗೊತ್ತುಮಾಡಿಕೊಂಡು, ಜೀವರಕ್ಷಕ ಅಂಗಿಗಳನ್ನು ಮಾತ್ರ ಸ್ವಂತಕ್ಕೆ ಕೊಂಡು, ಅವನ ದೋಣಿಯಲ್ಲಿಯೇ, ಅಪ್ಪಣೆಯಿರುವ ಸ್ಥಳದಲ್ಲಿ, ಗಾಳಿಯಿಲ್ಲದ ಬೆಳಗುಗಳಲ್ಲಿ ನಾಲ್ಕು ಸಲ ಹೋಗಿಬರಲಿ. ಮಕ್ಕಳು ಅಷ್ಟರೊಳಗೆ ಈಜನ್ನು ಕಲಿಯಲಿ. ನಾಲ್ಕನೆಯ ಸಲದ ಹೊತ್ತಿಗೂ ಮನೆಯವರೆಲ್ಲರಿಗೂ ಉತ್ಸಾಹ ಉಳಿದಿದ್ದರೆ, ಫೈಬರ್ ದೋಣಿಯನ್ನು ಎಂಜಿನ್ನಿಲ್ಲದೆ ಬರಿಯ ಒಡಲನ್ನಾಗಿ ಕೊಳ್ಳುವ ಮಾತನ್ನು ಆಡಲಿ. ಎಂಜಿನ್ನನ್ನು ಹೊಸದಾಗಿ, ಚಿಕ್ಕದಾಗಿ ಕೊಳ್ಳುವುದು ಲೇಸು. ಮಾರುವವರು ಈಗಲೇ ತೀರ್ಮಾನಿಸಬೇಕೆಂದು ಅವಸರಪಡಿಸುತ್ತಿರುವರೆಂದು ಕಾಗದದಲ್ಲಿದೆ. ಅವಸರವು ಅವರದು. ಹಳೆಯ ದೋಣಿಗಳು ಕರಾವಳಿಯಲ್ಲಿ ಮುಂದಿನ ವರ್ಷವೂ ದೊರೆಯುವುವು.

ತಾಯಿಯವರ ವಿಷಯ ಬೇರೆ. ಎಪ್ಪತ್ತೆಂಟು ವರ್ಷದವರಿಗೆ ಮುಂದಿನ ವರ್ಷವೆಂದು ಹೇಳುವುದು ಸರಿಯಲ್ಲ. ಅವರಿಗಾಗಿ ದೋಣಿಯ ತೀರ್ಮಾನವನ್ನು ಕಾಯಬೇಕಾದುದೂ ಇಲ್ಲ. ಚೈತ್ರ ವೈಶಾಖಗಳಲ್ಲಿ ನೀರು ಹಿಂದೆ ಸರಿದಾಗ, ದನಗಾಹಿಗಳನ್ನು ವಿಚಾರಿಸಿ ಆ ಊರಿನ ನೆಲೆಯು ಮೇಲೆದ್ದಿದೆಯೆ ಎಂದು ತಿಳಿದುಕೊಳ್ಳಿರಿ. ಎದ್ದಿದ್ದರೆ ಕೆಸರು ಚೆನ್ನಾಗಿ ಒಣಗಿ ಗಟ್ಟಿಯಾಗಿರುವ ದಾರಿಯನ್ನು ಅವರಿಂದಲೇ ಕೇಳಿ, ಬಿಸಿಲೇರುವ ಮೊದಲು, ಕುಡಿಯುವ ನೀರನ್ನೂ ಒಂದು ಮಡಿಸುವ ಕುರ್ಚಿಯನ್ನೂ ಜೊತೆಗಿಟ್ಟುಕೊಂಡು ಬಂಡಿಯಲ್ಲಿಯೋ ಟ್ರಾಕ್ಟರಿನಲ್ಲಿಯೋ ಅವರನ್ನು ಕರೆದೊಯ್ಯಿರಿ. ಮಕ್ಕಳನ್ನೂ ಕರೆದೊಯ್ಯಿರಿ, ಬಾವಿಯ ಕಟ್ಟೆ ಎಲ್ಲಿದ್ದಿತೆಂದು ಅವರಿಗೆ ತೋರಿಸಬಲ್ಲವರು ಆ ಮನೆಯಲ್ಲಿ ಇನ್ನಾರೂ ಇಲ್ಲ.